ಸರ್ವರ್ ರೂಮಿನ ತಂಪು

ಕೀಂ... ಕೀಂ... ಸ್ವಲ್ಪ ಹೊತ್ತು ಮೌನ. ಮತ್ತೆ ಕೀಂ. ಕರೆಂಟು ಹೋದ ಕೂಡಲೇ ಯುಪಿಎಸ್ಸು ಕೂಗಿಕೊಳ್ಳುವ ಆ ಸಣ್ಣ ಸದ್ದು. ಹೋದ ವಾರ ರಾಬರ್ಟ್‌ಸನ್‌ಪೇಟೆಯ ಔಷಧಿ ಅಂಗಡಿಯಲ್ಲಿ ಬಿಪಿ ಮಾತ್ರೆಗೆ ಕಾದು ನಿಂತಿದ್ದಾಗ ಕೌಂಟರಿನ ಕೆಳಗಿಂದ ಅದೇ ಸದ್ದು ಬಂತು. "ಮಾಣಿಕಂ, ಜನರೇಟರ್!" ಎಂದುಬಿಟ್ಟೆ. ಅಂಗಡಿಯವನು ತಲೆಯೆತ್ತಿ, "ಏನ್ ಮೇಡಂ?" ಎಂದ. "ನಥಿಂಗ್" ಎಂದು ಮಾತ್ರೆ ತೆಗೆದುಕೊಂಡು ಹೊರಬಿದ್ದೆ. ಮನೆಗೆ ಬಂದ ಮೇಲೂ ಆ ಸದ್ದು ಕಿವಿಯಿಂದ ಹೋಗಲಿಲ್ಲ. ಆ ವರ್ಷವೂ ಹೀಗೆಯೇ ನನ್ನನ್ನು ಬಿಟ್ಟು ಹೋಗಿಲ್ಲ.

ಕೆಲವು ವರ್ಷಗಳ ಹಿಂದಿನ ಆಷಾಢ ಅದು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆಗಿ ಬಹಳ ಕಾಲವಾಗಿತ್ತು. ಉರಿಗಾಂನ ಮನೆಯಲ್ಲಿ ಕ್ರಾಸ್‌ವರ್ಡ್, ಕ್ರೋಶಾ ಹೆಣಿಗೆ, ಮಧ್ಯಾಹ್ನದ ನಿದ್ದೆ. ಒಂದು ದಿನ ಮಂಜುಳ ಬಂದಳು. ನನ್ನ ಹಳೆಯ ಸ್ಟೂಡೆಂಟ್. ಬೂದಿಕೋಟೆ ಕಡೆಯ ಒಕ್ಕಲು ಮನೆಯ ಹುಡುಗಿ, ಕ್ಲಾಸಿನಲ್ಲಿ ಯಾವಾಗಲೂ ಕೊನೆಯ ಬೆಂಚು. ಈಗ ಬಂಗಾರಪೇಟೆಯಲ್ಲಿ ಅವಳದೇ ಒಂದು ಡೈರಿ. ಸುತ್ತಲಿನ ಹಳ್ಳಿಗಳಲ್ಲಿ ಬೆಳಿಗ್ಗೆ, ಸಂಜೆ ಹೆಂಗಸರು ಕ್ಯಾನು ಹಿಡಿದು ಬಂದು ಹಾಲು ಹಾಕುತ್ತಾರೆ. ಯಾರದು ಎಷ್ಟು ಲೀಟರು, ಫ್ಯಾಟ್ ಎಷ್ಟು ಎಂಬುದೆಲ್ಲ ಅಲ್ಲಿಂದ ನೇರವಾಗಿ ಬಂಗಾರಪೇಟೆಯ ಆಫೀಸಿನಲ್ಲಿದ್ದ ಸರ್ವರಿಗೆ ಬಂದು ಸೇರುತ್ತಿತ್ತು. ಸರ್ವರ್ ಎಂದರೆ ಒಂದು ಕಪ್ಪು ಪೆಟ್ಟಿಗೆ, ಅದಕ್ಕೊಂದು ಪುಟ್ಟ ಎಸಿ ರೂಮು. ಕರೆಂಟು ಹೋಗಿ ಯುಪಿಎಸ್ಸೂ ಸೋತರೆ ಪೆಟ್ಟಿಗೆ ಮಲಗುತ್ತಿತ್ತು. ಅದು ಮಲಗಿದರೆ ಹಳ್ಳಿಗಳಲ್ಲಿ ತೂಕ ನಿಲ್ಲುತ್ತಿತ್ತು, ಹಾಲು ಕ್ಯಾನಿನಲ್ಲೇ ಕೆಡುತ್ತಿತ್ತು. ಅದಕ್ಕೇ ಮಂಜುಳ ಕ್ಲೌಡಿಗೆ ಹೋಗಬೇಕೆಂದು ನಿರ್ಧರಿಸಿದ್ದಳು. ಈ ಪೆಟ್ಟಿಗೆಯ ಕೆಲಸವನ್ನು ದೂರದ ಯಾವುದಾದರೂ ಕಂಪನಿಯ ದೊಡ್ಡ ಯಂತ್ರಗಳಿಗೆ ವಹಿಸಿಕೊಡುವುದು. ಯಾವ ಕಂಪನಿಗೆ ಎಂಬುದೇ ಪ್ರಶ್ನೆ.

"ಮಿಸ್, ಅವ್ರು ಕಳ್ಸೋದೆಲ್ಲ ಇಂಗ್ಲಿಷು," ಎಂದಳು. "ಓದ್ತೀನಿ, ಅರ್ಥಾನೂ ಆಗುತ್ತೆ. ಆದ್ರೆ ಎಲ್ಲಿ ಟೋಪಿ ಆಕ್ತಾವ್ರೆ ಅಂತ ಗೊತ್ತಾಗಲ್ಲ. ನೀವು ನಮ್ ಕಾಂಪೋಸಿಷನ್‌ನಾಗೆ ಒಂದೊಂದೇ ತಪ್ಪು ಉಡುಕಿ ಕೆಂಪು ಗೀಟು ಆಕ್ತಿದ್ರಲ್ಲ, ಅಂಗೆ ಉಡುಕಿ."

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಯಾರಿಗೂ ಬೇಡವಾಗಿದ್ದ ನನ್ನ ಇಂಗ್ಲಿಷಿಗೆ ಮತ್ತೆ ಕರೆ ಬಂದಿತ್ತು. ಮಾರನೆಯ ಸೋಮವಾರದಿಂದ ಕಾಟನ್ ಸೀರೆ ಉಟ್ಟು, ಟಿಫಿನ್ ಬಾಕ್ಸ್ ಹಿಡಿದು ಬೆಳಗಿನ ರೈಲು ಹತ್ತತೊಡಗಿದೆ.

ರೈಲಿನಲ್ಲೇ ಮಾಣಿಕಂ ಪರಿಚಯವಾದದ್ದು. ಅವನು ಮಾರಿಕುಪ್ಪಂನಲ್ಲಿ ಹತ್ತಿ, ಉರಿಗಾಂ ಬರುವ ಹೊತ್ತಿಗೆ ನನಗೊಂದು ಸೀಟು ಹಿಡಿದಿರುತ್ತಿದ್ದ. ಮಂಜುಳಳ ಸರ್ವರ್ ರೂಮು ಕಾಯುವವನು. ಯುಪಿಎಸ್ಸು, ಜನರೇಟರು, ಎಸಿ ಎಲ್ಲ ಅವನ ವಶದಲ್ಲಿ. ಚಿನ್ನದ ಗಣಿ ಮುಚ್ಚುವವರೆಗೂ ಒಳಗೆ ಡ್ರಿಲ್ಲಿಂಗ್ ಮಿಷಿನ್ ಹಿಡಿದಿದ್ದವನಂತೆ. ಬಲು ಬಾಯಿಬಡುಕ, ಒಂದು ವಾಕ್ಯದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಇರುತ್ತಿದ್ದವು, ನನ್ನೆದುರು ಸೇರಿಸುತ್ತಿದ್ದ ಅರ್ಧ ಇಂಗ್ಲಿಷು ಬೇರೆ. ಕೂದಲಿಗೆ ಕಪ್ಪು ಬಣ್ಣ, ಇಸ್ತ್ರಿ ಮಾಡಿದ ಷರಟು. ಕಿಟಕಿಯ ಪಕ್ಕ ಮಾತ್ರ ಎಂದೂ ಕೂರುತ್ತಿರಲಿಲ್ಲ.

ನಮ್ಮ ಕಡೆಯ ಆಷಾಢದ ಗಾಳಿ ಗೊತ್ತಿದ್ದವರಿಗೆ ಇದು ವಿಚಿತ್ರವೆನಿಸುವುದಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಗುಡ್ಡಗುಡ್ಡವಾಗಿ ಸುರಿದಿದ್ದಾರಲ್ಲ, ನಾವು ಸಯನೈಡ್ ಗುಡ್ಡ ಎನ್ನುವುದು, ಗಾಳಿಗೆ ಅದೆಲ್ಲ ಎದ್ದು ಬರುತ್ತದೆ. ಒಣಗಲು ಹಾಕಿದ ಬಟ್ಟೆ, ಅನ್ನದ ತಟ್ಟೆ, ಕಣ್ಣಿನ ರೆಪ್ಪೆ, ಎಲ್ಲೆಲ್ಲೂ ನವುರಾದ ಬೂದಿ.

ಆಫೀಸಿನಲ್ಲಿ ಮಾಣಿಕಂನ ಕಾಯಿದೆ ಬಹಳ ಕಟ್ಟುನಿಟ್ಟು. ಸರ್ವರ್ ರೂಮಿನೊಳಗೆ ಚಪ್ಪಲಿ ಕೂಡದು. ಊದಿನಕಡ್ಡಿ ಕೂಡದು. ಪೊರಕೆ ಕೂಡದು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಬಾಗಿಲು ತೆಗೆದರೆ ತಕ್ಷಣ ಮುಚ್ಚಬೇಕು. "ಮಿಷಿನ್ಗೆ ಧೂಳು ಆಗಲ್ಲ," ಎನ್ನುತ್ತಿದ್ದ, ಅದರ ಸ್ವಂತ ಚಿಕ್ಕಪ್ಪನ ಹಾಗೆ. ಹಾಲಿನ ವ್ಯಾನಿನ ಡ್ರೈವರ್ ವೆಂಕಟೇಶ ದಿನಾ ಹೊಸ್ತಿಲಲ್ಲಿ ನಿಂತು ಕೆಣಕುತ್ತಿದ್ದ.

"ಏನ್ ಪೂಜಾರಪ್ಪಾ, ಗರ್ಭಗುಡಿ ಬಾಗ್ಲು ತೆಗ್ದಿದ್ದೀಯೋ?"

"ಮೊದ್ಲು ಕಾಲು ತೊಳ್ಕೊಂಡು ಬಾರ್ಲಾ, ಆಮ್ಯಾಕೆ ದರ್ಸನ."

"ಪ್ರಸಾದ ಏನ್ ಕೊಡ್ತೀಯ?"

"ಎಸಿ ಗಾಳಿ ಕಣ್ಲಾ. ಒಂದು ಉಸ್ರು ಎಳ್ಕೊಂಡು ಓಗು, ಎಲ್ಡು ಎಳೀಬ್ಯಾಡ."

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಂದು ದಿನ ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಅವನು ಅರ್ಧ ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಯಾರಿಗೋ ಕಾಯುವವನಂತೆ ನಿಂತುಬಿಟ್ಟ. ಕಾಯುತ್ತಿದ್ದದ್ದು ಉಸಿರಿಗೆ. ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು. ನಾನು ಪಕ್ಕದಲ್ಲಿ ನಿಂತೆ. ಜನ ನಮ್ಮನ್ನು ದಾಟಿಕೊಂಡು ಹೋದರು.

"ಡಾಕ್ಟರಿಗೆ ತೋರಿಸಿದೆಯಾ?"

"ತೋರ್ಸಿದೀನಿ ಮಿಸ್ಸು. ಗಣಿ ಕಲ್ಲು ಪುಡಿ. ಎದೇಲೇ ಮನೆ ಕಟ್ಕೊಂಡೈತಂತೆ. ಅಂಟೋ ರೋಗ ಅಲ್ಲ, ಅದು ಬ್ಯಾರೆ. ಆದ್ರೆ ವಾಸೀನೂ ಆಗಲ್ಲ." ಉಸಿರು ಎಳೆದುಕೊಂಡು ಹೇಳಿದ, "ಆ ರೂಮ್ನಾಗೆ ಕುಂತ್ರೆ ಎಂಗೋ ಉಸ್ರು ಆಡುತ್ತೆ. ಧೂಳಿಲ್ಲ, ಸೆಕೆ ಇಲ್ಲ. ಮನೇಲಿ ರಾತ್ರಿಯೆಲ್ಲ ಕುಂತೇ ಇರ್ತೀನಿ. ಇಲ್ಲಿಗೆ ಬಂದು ಬಾಗ್ಲು ಆಕ್ಕೊಂಡ್ಮೇಲೇನೇ ನಂಗೆ ಬೆಳಗಾಗೋದು."

"ಮಂಜುಳಗೆ ಹೇಳಬೇಕಿತ್ತಲ್ಲ?"

ಕಂಬಿ ಬಿಟ್ಟು ಎರಡೂ ಕೈ ಮುಗಿದ. "ಬ್ಯಾಡಿ ಮಿಸ್ಸೂ. ಆಲಿನ ತಾವ ಕೆಮ್ಮೋ ಮನ್ಸ ಅಂದ್ರೆ ಟಿಬಿ ಅಂತಾರೆ. ನಾನು ಇಲ್ಲ ಅಂದ್ರೂ ಊರು ಔದು ಅನ್ನುತ್ತೆ. ಆಯಮ್ಮನ ಆಲು ಯಾರು ತಗೋತಾರೆ? ನಿಮ್ ತಾಯಾಣೆ, ಏಳ್ಬ್ಯಾಡಿ."

ಪ್ರಾಮಿಸ್ ಮಾಡಿದೆ. ಕಾನ್ವೆಂಟಿನ ಸಿಸ್ಟರ್ಸ್ ನಮಗೆ ಕಲಿಸಿದ್ದು ಅದನ್ನೇ ಅಲ್ಲವೇ, ಎ ಪ್ರಾಮಿಸ್ ಈಸ್ ಎ ಪ್ರಾಮಿಸ್. ಆ ದಿನ ಆಫೀಸಿಗೆ ಹೋಗಿ ಮೇಜಿನ ಮೇಲಿದ್ದ ಕ್ಲೌಡ್ ಕಂಪನಿಗಳ ಕಾಗದಗಳನ್ನು ನೋಡಿದಾಗ ಮೊದಲ ಬಾರಿಗೆ ನನ್ನ ಕೆಲಸವೇನೆಂದು ತಿಳಿಯಿತು. ನಾನು ಆರಿಸಬೇಕಾಗಿದ್ದದ್ದು ಯಾವ ಕಂಪನಿ ಬಂದು ಈ ರೂಮನ್ನು ಮುಚ್ಚಿಸಬೇಕು ಎಂಬುದನ್ನು.

ಆಗ ನಾನು ತಪ್ಪು ಹುಡುಕಲು ಶುರುಮಾಡಿದೆ. ಹುಡುಕುವವರಿಗೆ ಸಿಗದೆ ಇರುತ್ತದೆಯೇ? ಒಬ್ಬರು ನಮ್ಮ ಲೆಕ್ಕವೆಲ್ಲ ಯಾವ ದೇಶದ ಯಂತ್ರದಲ್ಲಿರುತ್ತದೆ ಎಂದು ಸ್ಪಷ್ಟವಾಗಿ ಬರೆದಿರಲಿಲ್ಲ. ಇನ್ನೊಬ್ಬರಲ್ಲಿ ಸೇರುವುದು ಸಲೀಸು. ಬಿಟ್ಟು ಬರುವಾಗ ನಮ್ಮ ಲೆಕ್ಕವನ್ನು ನಮಗೆ ಹೇಗೆ ವಾಪಸು ಕೊಡುತ್ತಾರೆಂಬ ಮಾತೇ ಇಲ್ಲ. ಮಗದೊಬ್ಬರ ಸಹಾಯವಾಣಿ ಎದ್ದೇಳುವುದೇ ಹತ್ತು ಗಂಟೆಗೆ. ನಮ್ಮ ಹಸುಗಳಿಗೆ ಅದು ತಿಳಿಯುವುದಾದರೂ ಹೇಗೆ? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರ ಬಂದ ಮೇಲೂ ನಾನು ಮತ್ತೊಂದು ಪ್ರಶ್ನೆ ಕಳಿಸುತ್ತಿದ್ದೆ. "ನಮ್ ಮಿಸ್ ಎಷ್ಟು ಸ್ಟ್ರಿಕ್ಟು ನೋಡ್ರಿ," ಎಂದು ಮಂಜುಳ ಎಲ್ಲರೆದುರು ಹೆಮ್ಮೆಪಡುತ್ತಿದ್ದಳು. ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಮಂಜುಳಳದು ಅವಳದೇ ಒಂದು ಪರೀಕ್ಷೆ. ಸಂತೆಯಲ್ಲಿ ಹಸು ಕೊಳ್ಳುವಾಗ ಅಲ್ಲೇ ಕೂತು ಹಾಲು ಕರೆದು ನೋಡುತ್ತಾರಲ್ಲ, ಅದೇ ಕ್ರಮ. ಕಂಪನಿಯವರು ಯಾರೇ ಬರಲಿ, ಬೆಳಕು ಹರಿಯುವ ಮೊದಲೇ ವ್ಯಾನಿನಲ್ಲಿ ಕೂರಿಸಿಕೊಂಡು ಕಾಮಸಮುದ್ರದ ಕಡೆ, ಬಂಡೆಗುಡ್ಡದ ಬುಡದ ಒಂದು ಹಳ್ಳಿಗೆ ಕರೆದೊಯ್ಯುತ್ತಿದ್ದಳು. ದೊಡ್ಡ ಕಂಪನಿಯ ಪರವಾಗಿ ಬಂದ ಯುವಕ, ಕೋಟು, ಮೊನಚು ಶೂ, ಅಲ್ಲಿ ಫೋನನ್ನು ತಲೆಯ ಮೇಲೆತ್ತಿ ಸುತ್ತತೊಡಗಿದ.

"ಏನಪ್ಪಾ, ಫೋನ್ಗೆ ಗಾಳಿ ಆಕ್ತಾ ಇದೀಯಾ?" ಕ್ಯಾನು ಹಿಡಿದ ಒಬ್ಬಾಕೆ ಕೇಳಿದಳು.

"ಸಿಗ್ನಲ್ ಅಮ್ಮಾ."

"ಅದು ಆ ಬಂಡೆ ಮ್ಯಾಲೈತೆ. ಮ್ಯಾಕತ್ತು. ಕೋಟು ಬಿಚ್ಚಿಟ್ಟು ಓಗು, ನಾನು ನೋಡ್ಕಂತೀನಿ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಅದೇ ಯುವಕ ಮಧ್ಯಾಹ್ನ ಆಫೀಸಿಗೆ ಬಂದಾಗ ಮಾಣಿಕಂ ಅವನ ಶೂ ಬಿಚ್ಚಿಸಿಯೇ ಒಳಗೆ ಬಿಟ್ಟ. ಯುವಕ ಪೆಟ್ಟಿಗೆಯ ಮೇಲೆ ಕೈ ತಟ್ಟಿ, "ಇನ್ಮೇಲೆ ಇದೆಲ್ಲ ಬೇಕಾಗಲ್ಲ ಅಂಕಲ್," ಎಂದ.

"ಎಲ್ಲಿಗೋಗುತ್ತೆ ಇದರ ಕೆಲ್ಸ?"

"ನಮ್ಮ ಡೇಟಾ ಸೆಂಟರಿಗೆ."

"ಅಲ್ಲೂ ಎಸಿ ಐತಾ?"

"ಇಡೀ ಬಿಲ್ಡಿಂಗೇ ಎಸಿ."

ಮಾಣಿಕಂ ಯುವಕ ಕೈ ತಟ್ಟಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಆಮೇಲೆ ನಗುತ್ತಾ, "ಅಲ್ಲಿಗೆ ಒರ್ಸೋಕೆ ಆಳು ಬೇಕಾ ಸಾರ್?" ಎಂದ. ಯುವಕನೂ ನಕ್ಕ. ನಾನು ಕಾಗದದೊಳಗೆ ತಲೆ ಹುದುಗಿಸಿಕೊಂಡೆ.

ಆ ಸಂಜೆ ರೈಲಿನಲ್ಲಿ ಅವನಾಗಿಯೇ ಮಾತೆತ್ತಿದ. "ಚಾಂಪಿಯನ್ ಗಣೀಲೂ ಮ್ಯಾಲಿಂದ ತಣ್ಣನೆ ಗಾಳಿ ಬಿಡ್ತಿದ್ರು ಮಿಸ್ಸು. ಆಳದಾಗೆ ಬಂಡೆ ಕಾದ ಎಂಚಿನಂಗೆ ಇರ್ತಿತ್ತು. ಆ ಗಾಳಿ ನಮ್ಗೆ ಅಂತ ಅಂದ್ಕೊಂಡಿದ್ವಿ. ಕೆಲ್ಸ ಮುಗೀತು, ಗಾಳೀನೂ ನಿಂತೋಯ್ತು." ಅಷ್ಟೇ ಹೇಳಿ, ಕಡಲೆಕಾಯಿ ಪೊಟ್ಟಣ ನನ್ನತ್ತ ಚಾಚಿದ.

ಶ್ರಾವಣ ಬಂತು. ಕಾಗದಗಳು ಹಾಗೆಯೇ ಇದ್ದವು. ಒಂದು ಕಂಪನಿ ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ಕೊಟ್ಟಾಗಿತ್ತು. ಅದು ದೊಡ್ಡದಲ್ಲ. ಅವರ ಕಡೆಯಿಂದ ಬಂದದ್ದು ದಪ್ಪ ಕನ್ನಡಕದ ಒಬ್ಬಾಕೆ. ಬಂಡೆಗುಡ್ಡದ ಹಳ್ಳಿಯಲ್ಲಿ ಸಿಗ್ನಲ್ ಹುಡುಕಲು ಹೋಗದೆ ಚಪ್ಪಲಿ ಬಿಟ್ಟು ತಕ್ಕಡಿಯ ಪಕ್ಕ ಕೂತಳು. ಸಿಗ್ನಲ್ ಇಲ್ಲದಿದ್ದರೂ ತೂಕ ನಡೆಯುತ್ತದೆ, ಲೆಕ್ಕ ಅಲ್ಲಿನ ಯಂತ್ರದಲ್ಲೇ ಕೂತಿದ್ದು ಸಿಗ್ನಲ್ ಸಿಕ್ಕಾಗ ಹೊರಡುತ್ತದೆ ಎಂದು ಹೇಳಿ, ಮಾಡಿಯೂ ತೋರಿಸಿದಳು. ಬಿಟ್ಟು ಹೋಗುವುದಾದರೆ ಎಲ್ಲ ಲೆಕ್ಕವನ್ನೂ ವಾಪಸು ಕೊಡುತ್ತೇವೆಂದು ಬರೆದುಕೊಟ್ಟಳು. ಹಾಲು ಕರೆಯುವ ಹೊತ್ತಿಗೆ ಫೋನು ಮಾಡಿದರೆ ಅವರಲ್ಲಿ ಯಾರೋ ಎತ್ತಿ ತೆಲುಗಿನಲ್ಲೂ ಕನ್ನಡದಲ್ಲೂ ಮಾತಾಡಿದರು. ಕೆಂಪು ಗೀಟು ಹಾಕಲು ನನಗೆ ಏನೂ ಉಳಿದಿರಲಿಲ್ಲ. ಆದರೂ, "ಇನ್ನೊಂದು ವಾರ ನೋಡೋಣ," ಎಂದೆ.

ಆ ವಾರದಲ್ಲೇ ಒಂದು ಸಂಜೆ ಮಳೆಗಾಳಿಗೆ ಲೈನು ಕಡಿದು ಕರೆಂಟು ಹೋಯಿತು. ಯುಪಿಎಸ್ಸು ಕೂಗತೊಡಗಿತು. ಮಾಣಿಕಂ ಹಿತ್ತಲಿಗೆ ಓಡಿದ. ಜನರೇಟರು ಹತ್ತಲಿಲ್ಲ. ಅವನು ಹಗ್ಗ ಎಳೆಯುವುದು, ಅದು ಗೊರ್ ಎಂದು ಸುಮ್ಮನಾಗುವುದು. ಒಳಗೆ ಯುಪಿಎಸ್ಸಿನ ಕೂಗು ಬಿಡುವಿಲ್ಲದೆ ಒಂದೇ ಸಮನಾಯಿತು, ಆಮೇಲೆ ನಿಂತುಹೋಯಿತು. ನಾನು ಹಿತ್ತಲಿಗೆ ಹೋಗಿ ನೋಡಿದಾಗ ಮಾಣಿಕಂ ಒದ್ದೆ ನೆಲದ ಮೇಲೆ ಕೂತಿದ್ದ. ಹಗ್ಗ ಇನ್ನೂ ಕೈಯಲ್ಲಿತ್ತು. ತುಟಿಗೆ ನೀಲಿ ಬಣ್ಣ ಬಂದಿತ್ತು. ನೀರು ಕೊಟ್ಟರೆ ಕುಡಿಯಲು ಉಸಿರಿನ ಬಿಡುವಿಲ್ಲ. ಕೈಸನ್ನೆಯಲ್ಲೇ, ಬಾಗಿಲು ಹಾಕಿ, ಯಾರೂ ನೋಡಬಾರದು ಎಂದ. ನಾನು ಬಾಗಿಲು ಹಾಕಿದೆ. ಆಚೆ ಮಂಜುಳ ಒಂದು ಹಳ್ಳಿಯಾದ ಮೇಲೆ ಇನ್ನೊಂದಕ್ಕೆ ಫೋನಿನಲ್ಲಿ ಕೂಗುತ್ತಿದ್ದಳು. ತೂಕವಿಲ್ಲದೆ ಹಾಲು ತೆಗೆದುಕೊಳ್ಳುವ ಹಾಗಿಲ್ಲ. ಹೆಂಗಸರು ಕತ್ತಲಾಗುವವರೆಗೂ ಕಾದು ಕ್ಯಾನು ಹೊತ್ತು ಮನೆಗೆ ಹೋದರಂತೆ. ಬಹಳಷ್ಟು ಹಾಲು ಬೆಳಿಗ್ಗೆಗೆ ಒಡೆದಿತ್ತು. ನಾನು ಆ ವಾರ ತಡೆಯದೆ ಇದ್ದಿದ್ದರೂ ಅಷ್ಟು ಬೇಗ ಬದಲಾಗುತ್ತಿರಲಿಲ್ಲ, ಟು ಬಿ ಫೇರ್. ಆದರೆ ಆಷಾಢದ ತುಂಬಾ ತಡೆದವಳೂ ನಾನೇ.

ಮರುದಿನ ಮಂಜುಳ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. ರಾತ್ರಿ ಅತ್ತಿದ್ದಳೋ ಏನೋ, ಕಣ್ಣು ಊದಿತ್ತು.

"ಮಿಸ್, ಆ ಕನ್ನಡಕದಮ್ಮನ ಕಂಪನಿ ಸರಿಯಾಗೈತಾ, ಇಲ್ವಾ?"

"ಸರಿಯಾಗಿದೆ."

"ಮತ್ತ್ಯಾಕೆ ತಡ? ಈ ರೂಮು, ಈ ಮಿಷಿನ್ನು ಇಲ್ಲೇ ಉಳಿಸ್ಕೊಳ್ಳೋಕೆ ಏನಾರ ಕಾರಣ ಐತಾ? ಇದ್ರೆ ಈಗ್ಲೇ ಏಳಿ. ನೀವು ಏನ್ ಏಳಿದ್ರೂ ಕೇಳ್ತೀನಿ."

ಕೇಳುತ್ತಿದ್ದಳು ಕೂಡ. ಅವಳು ಅಂಥವಳೇ. ಅಷ್ಟರಲ್ಲಿ ಮಾಣಿಕಂ ಟೀ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದ. ನನ್ನನ್ನೇ ನೋಡಿದ. ಆ ನೋಟವನ್ನು ಎಷ್ಟು ಸಲ ನೆನೆದಿದ್ದೇನೋ. ಕೊಟ್ಟ ಮಾತು ಮರೀಬೇಡಿ ಎಂದಿತೋ, ಈಗಲಾದರೂ ಹೇಳಿಬಿಡಿ ಎಂದಿತೋ, ಇವತ್ತಿಗೂ ಗೊತ್ತಿಲ್ಲ. ಆ ಕ್ಷಣ ನನಗೆ ಬೇಕಾದಂತೆ ಓದಿಕೊಂಡೆ. ಮಾತು ಉಳಿಸಿಕೊಳ್ಳುವುದು ಸುಲಭವಾಗಿತ್ತು; ಅದರಲ್ಲಿ ನನ್ನ ಮರ್ಯಾದೆಯೂ ಉಳಿಯುತ್ತಿತ್ತು.

"ಏನೂ ಕಾರಣವಿಲ್ಲ," ಎಂದೆ.

ಮಾಣಿಕಂ ಟೀ ಇಟ್ಟು ಹೋದ. ಒಂದು ಹನಿಯೂ ಚೆಲ್ಲಲಿಲ್ಲ.

ಭಾದ್ರಪದದಲ್ಲಿ ಎಲ್ಲ ಬದಲಾಯಿತು. ಕಪ್ಪು ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ಆಮೇಲೆ ಬಂಗಾರಪೇಟೆಯಲ್ಲಿ ಕರೆಂಟು ಹೋದರೂ ಹಳ್ಳಿಯಲ್ಲಿ ತೂಕ ನಿಲ್ಲಲಿಲ್ಲ. ಆ ಆಯ್ಕೆ ಸರಿಯಾಗಿತ್ತು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಹೆಂಗಸರು ಕ್ಯಾನು ತೊಳೆದುಕೊಂಡು ಬೇಗ ಮನೆಗೆ ಹೋಗುವಂತಾಯಿತು. ನನ್ನ ಪಾಲಿಗೆ ಅದೇ ಕಷ್ಟ. ತಪ್ಪು ಆರಿಸಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು.

ನಾನೊಂದು ಉಪಾಯ ಮಾಡಿದೆ. ವಯಸ್ಸಾಯಿತು, ಸೆಕೆ ತಡೆಯಲಾಗುವುದಿಲ್ಲ, ಆ ರೂಮಿನಲ್ಲೇ ಮೇಜು ಹಾಕಿಸು, ಕಾಗದ ಜೋಡಿಸಿಕೊಡಲು ಮಾಣಿಕಂನನ್ನು ನನ್ನ ಜೊತೆ ಬಿಡು ಎಂದು ಮಂಜುಳಳನ್ನು ಕೇಳಿದೆ. ಅವಳು ಮರುಮಾತಿಲ್ಲದೆ ಒಪ್ಪಿದಳು. ಮಾಣಿಕಂ ಬಂದು ಸ್ಟೂಲಿನ ಮೇಲೆ ಕೂತ. ಜೋಡಿಸಲು ಕಾಗದಗಳೇ ಇರಲಿಲ್ಲ, ಎಲ್ಲ ಕ್ಲೌಡಿನಲ್ಲಿ. ನನಗೆ ಮೂಳೆ ಕೊರೆಯುವ ಚಳಿ, ಶಾಲು ಹೊದ್ದು ಕೂರುತ್ತಿದ್ದೆ. ಅವನು ಒಂದು ಸಲ ಶಾಲನ್ನು ನೋಡಿದ, ಒಂದು ಸಲ ನನ್ನ ಮುಖವನ್ನು ನೋಡಿದ.

"ನಿಮ್ಗೆ ಸೆಕೆ ಅಂದ್ರಲ್ಲ ಮಿಸ್ಸು?"

ನಾನು ಶಾಲನ್ನು ಭುಜದಿಂದ ಕೆಳಗೆ ಸರಿಸಿದೆ. ಅವನು ಎಸಿ ಕಡಿಮೆ ಮಾಡಿದ. ಅಂದಿನಿಂದ ವೆಂಕಟೇಶ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರೂ ಬೈಯುತ್ತಿರಲಿಲ್ಲ.

ಆಯುಧಪೂಜೆಯ ದಿನ ಅಂಗಳದಲ್ಲಿ ಹಲಗೆ ಹಾಕಿ ಎಲ್ಲರೂ ತಮ್ಮತಮ್ಮ ಸಾಮಾನು ಜೋಡಿಸಿದರು. ವೆಂಕಟೇಶನ ವ್ಯಾನಿನ ಕೀ, ಫ್ಯಾಟ್ ನೋಡುವ ಯಂತ್ರ, ಅಳತೆಪಾತ್ರೆ, ಸ್ಪ್ಯಾನರು. ಮಂಜುಳ ನನ್ನ ಕೆಂಪು ಪೆನ್ನನ್ನೂ ಕಿತ್ತುಕೊಂಡು ಇಟ್ಟಳು. "ಕ್ಲೌಡ್ಗೆ ಎಲ್ಲಿ ಕುಂಕುಮ ಇಡೋದು ಮಿಸ್?" ಎಂದು ನಗುತ್ತಾ ಗೋಡೆಯ ಮೇಲಿದ್ದ ಇಂಟರ್‌ನೆಟ್ ಡಬ್ಬಿಗೆ ಒಂದು ಬೊಟ್ಟು ಇಟ್ಟಳು. ಅದರ ಹಿಂದಿನ ವರ್ಷದವರೆಗೂ ಮಾಣಿಕಂ ಪೆಟ್ಟಿಗೆಗೆ ಹೂ ಹಾಕಿ, ಸಾಂಬ್ರಾಣಿ ಹೊಗೆ ಒಳಗೆ ಬರದಂತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದನಂತೆ.

"ಪೂಜಾರಪ್ಪಾ, ನಿಂದೇನಿಲ್ವಾ?" ವೆಂಕಟೇಶ ಕೇಳಿದ. ಅವನೇನೂ ಕೆಟ್ಟದ್ದಕ್ಕೆ ಕೇಳಿದ್ದಲ್ಲ.

ಮಾಣಿಕಂ ಜೇಬಿನಿಂದ ಎಸಿಯ ರಿಮೋಟು ತೆಗೆದು ಹಲಗೆಯ ಕೊನೆಯಲ್ಲಿಟ್ಟ. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದರು, ಎಲ್ಲರೂ ತಮ್ಮ ಸಾಮಾನು ಎತ್ತಿಕೊಂಡರು. ರಿಮೋಟು ಅಲ್ಲೇ ಉಳಿಯಿತು. ನಾನು ಅದನ್ನು ಹಿಡಿದು ಗೇಟಿನವರೆಗೂ ಅವನ ಹಿಂದೆ ಹೋದೆ.

"ನಾಳೆಯಿಂದ ಬರಲ್ಲ ಮಿಸ್ಸು."

"ಮಾಣಿಕಂ, ನಿನ್ನ ಉಸಿರು..."

"ಮಿಷಿನ್ ಇದ್ದಾಗ ಕುಂತಿದ್ದೆ. ಅದು ಡ್ಯೂಟಿ. ಈಗ ನಿಮ್ ಚಳೀಲಿ ಕುಂತ್ಕೊಂಡು ನಾನು ಉಸ್ರಾಡೋಕಾಗಲ್ಲ." ಸಿಡುಕಿರಲಿಲ್ಲ ಅವನ ದನಿಯಲ್ಲಿ. "ಆಯಮ್ಮನ್ಗೆ ಏಳ್ಲಿಲ್ವಲ್ಲ, ಮಾತು ಉಳಿಸ್ಕೊಂಡ್ರಿ. ದೊಡ್ಡೋರು ನೀವು," ಎಂದು ಕೈ ಮುಗಿದ. ಅವನು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಕಾರ್ತಿಕದ ಕೊನೆಯಲ್ಲಿ, ಮಾರಿಕುಪ್ಪಂನ ಮನೆಯಲ್ಲಿ ಗೋಡೆಗೆ ಒರಗಿ ಕೂತಲ್ಲೇ ಹೋದನೆಂದು ವೆಂಕಟೇಶ ಬಂದು ಹೇಳಿದ. ಆಗ ಮಂಜುಳಗೆ ಎಲ್ಲ ಹೇಳಿದೆ. ಅವಳು, "ಒಂದು ಮಾತು ಏಳಿದ್ರೆ ಆ ಎಸೀನ ಅವ್ನ ಮನೇಗೇ ಆಕಿಸಿಕೊಡ್ತಿದ್ದೆ ಮಿಸ್," ಎಂದಳು. ಅಂಥದ್ದೊಂದು ದಾರಿ ಇತ್ತೆಂದು ಕಾನ್ವೆಂಟಿನಲ್ಲಿ ಓದಿದ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅವನನ್ನು ಕೊನೆಯ ಬಾರಿ ನೋಡಿದ್ದು ಅವನು ಸಾಯುವುದಕ್ಕೆ ಕೆಲವು ದಿನಗಳ ಮೊದಲು, ಉರಿಗಾಂ ಸ್ಟೇಷನ್ನಿನಲ್ಲಿ. ಬೆಳಗಿನ ರೈಲು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಯಾವುದೋ ಹಳ್ಳಿಯ ಲೆಕ್ಕ ಬಂದಿಲ್ಲವೆಂದು ಕ್ಲೌಡ್ ಕಂಪನಿಯವರೊಂದಿಗೆ ಫೋನಿನಲ್ಲಿದ್ದೆ. ಪ್ಲಾಟ್‌ಫಾರ್ಮಿನ ಆ ತುದಿಯ ಬೆಂಚಿನಿಂದ ಯಾರೋ ಎದ್ದು ಬರುವುದು ಕಾಣಿಸಿತು. ಮೂಗಿಗೆ ಒದ್ದೆ ಟವೆಲ್ಲು. ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ಮತ್ತೆ ನಡೆಯುವುದು. ಕೂದಲ ಬಣ್ಣವೆಲ್ಲ ಹೋಗಿ ಬೆಳ್ಳಗಾಗಿದ್ದರಿಂದ ಕಿಟಕಿಯ ಹತ್ತಿರ ಬರುವವರೆಗೂ ಗುರುತು ಸಿಗಲಿಲ್ಲ. ಟವೆಲ್ಲು ಕೆಳಗಿಳಿಸಿ, "ಮಿಸ್ಸು," ಎಂದ. ಆ ಕಡೆ ಫೋನಿನಲ್ಲಿದ್ದವರು ಆಗಷ್ಟೇ ಏನೋ ನಂಬರು ಹೇಳುತ್ತಿದ್ದರು. ನಾನು ಬೆರಳೆತ್ತಿ, ಕ್ಲಾಸಿನಲ್ಲಿ ಮಕ್ಕಳಿಗೆ ತೋರಿಸುತ್ತಿದ್ದ ಹಾಗೆ, ಒಂದು ನಿಮಿಷ ಎಂದು ತೋರಿಸಿದೆ.

ಅವನು ತಲೆಯಾಡಿಸಿ ಕಾದ. ಕಿಟಕಿಯ ಸರಳು ಹಿಡಿದು, ಹೇಳಬೇಕೆಂದುಕೊಂಡದ್ದನ್ನು ಬಾಯಲ್ಲೇ ಇಟ್ಟುಕೊಂಡು, ಕಾದ. ಅಷ್ಟರಲ್ಲಿ ರೈಲು ಹೊರಟಿತು. ಜೊತೆಗೆ ನಡೆಯಲು ಅವನಲ್ಲಿ ಉಸಿರಿರಲಿಲ್ಲ. ಸರಳು ಬಿಟ್ಟು ನಿಂತಲ್ಲೇ ನಿಂತ. ಫೋನು ಕಿವಿಯಿಂದ ತೆಗೆದು ನಾನು ಏನೋ ಕೂಗಿದೆ. ಅವನು ನಗುತ್ತಾ, ಪರವಾಗಿಲ್ಲ, ಹೋಗಿ ಹೋಗಿ ಎಂದು ಕೈ ಬೀಸಿದ. ಆಮೇಲೆ ಟವೆಲ್ಲನ್ನು ಮತ್ತೆ ಮೂಗಿಗೆ ಒತ್ತಿಕೊಂಡ.